ಹೆದರಿಕೆಗೆ ಲೇಹ್ಯ ಇಲ್ಲ

ಕಳೆದ ಡಿಸೆಂಬರಿನಲ್ಲಿ ನಮ್ಮ ವಾಚನಾಲಯದ ವಾರ್ಷಿಕೋತ್ಸವಕ್ಕೆ ಹಿಪ್ನಾಟಿಸಂ ಪ್ರದರ್ಶನ ಇತ್ತು. ಕೋಟು ತೊಟ್ಟ ಒಬ್ಬರು ಊರಿನ ಐದಾರು ಹುಡುಗರನ್ನು ವೇದಿಕೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿದರು. ಒಬ್ಬ ನಾಯಿಯ ಹಾಗೆ ಬೊಗಳಿದ. ಇನ್ನೊಬ್ಬ ಹಸಿ ನೀರುಳ್ಳಿಯನ್ನು ಸೇಬು ಅಂತ ಕಚ್ಚಿ ತಿಂದ. ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಾನೂ ನಕ್ಕೆ.

ಅದಕ್ಕೆ ಎರಡು ತಿಂಗಳು ಮೊದಲು, ಸಮಿತಿಯ ಸಭೆಯಲ್ಲಿ, ನಾನೊಂದು ಸೂಚನೆ ಕೊಟ್ಟಿದ್ದೆ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಒಟ್ಟಾಗುವುದಕ್ಕೆ ಅಡ್ಡ ಬರುವ ಹೆದರಿಕೆ, ಅದಕ್ಕಿರುವ ಚಿಕಿತ್ಸೆ, ಆ ಚಿಕಿತ್ಸೆಯಲ್ಲಿ ಸಂಮೋಹನಕ್ಕಿರುವ ಜಾಗ, ಇಷ್ಟರ ಬಗ್ಗೆ ಒಬ್ಬ ಮನೋವೈದ್ಯರನ್ನು ಕರೆಸಿ ಒಂದು ಗಂಟೆ ಕನ್ನಡದಲ್ಲಿ ಮಾತಾಡಿಸುವ ಅಂತ. ಸಭೆ ತಣ್ಣಗಾಯಿತು. ಆಮೇಲೆ ಹಿರಿಯರೊಬ್ಬರು, "ಮಾಷ್ಟ್ರೇ, ನಿಮಗೆ ಎಂತ ಆಗಿದೆ? ಹೆಣ್ಣುಮಕ್ಕಳು ಬರುವ ಜಾಗ ಇದು" ಎಂದರು. ನನ್ನ ಸೂಚನೆ ಸಭೆಯ ದಾಖಲೆ ಪುಸ್ತಕಕ್ಕೂ ಏರಲಿಲ್ಲ.

ಅಂದರೆ ಹುಡುಗರನ್ನು ಬೊಗಳಿಸಲಿಕ್ಕೆ ಹಿಪ್ನಾಟಿಸಂ ಆಗುತ್ತದೆ. ಅದೇ ಹುಡುಗರು ನಾಳೆ ಮದುವೆಯಾಗಿ ರಾತ್ರಿ ನಿದ್ದೆ ಇಲ್ಲದೆ ಒದ್ದಾಡುವಾಗ ಅದರ ಹೆಸರು ಎತ್ತಬಾರದು. ಈ ಲೇಖನ ಅದಕ್ಕೆ ನನ್ನ ಜಗಳ. ಸಭೆಯಲ್ಲಿ ಹೇಳಲು ಬಿಡದ್ದನ್ನು ಪುಸ್ತಕದಲ್ಲಿ ಹೇಳುತ್ತಿದ್ದೇನೆ. ಸಂಪಾದಕರು ಹಾಕಿದರೆ ಅವರ ಧೈರ್ಯ.

ಯಾರೋ ಒಬ್ಬರ ಕಥೆ ಅಂತ ಬರೆದರೆ ನಿಮಗೂ ಸುಲಭ, ನನಗೂ ಸುಲಭ. ಆದರೆ ಹಾಗೆ ಬರೆದೂ ಬರೆದೂ ಈ ವಿಷಯ ಯಾವಾಗಲೂ ಬೇರೆ ಯಾರದ್ದೋ ಆಗಿಯೇ ಉಳಿದಿದೆ. ಇದು ನನ್ನದೇ ಕಥೆ. ಹೆಂಡತಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ. ಆದ್ರೆ ನಾನು ದೊಡ್ಡ ಸಹನಾಮೂರ್ತಿ ಅಂತೆಲ್ಲ ಬರೀಬೇಡಿ. ನಂಗೆ ಸಿಟ್ಟು ಬಂದಿತ್ತು, ಅದನ್ನೂ ಬರೀರಿ" ಅಂದಳು.

ನಮ್ಮ ಮದುವೆ 1991ರಲ್ಲಿ. ನನಗೆ 29 ವರ್ಷ, ಶಾಲೆಯ ಕೆಲಸ ಖಾಯಂ ಆಗಿತ್ತು. ಕೂಡುಕುಟುಂಬದ ಮನೆ. ಹಲಗೆಯ ಗೋಡೆ, ಅದರಾಚೆ ಅಜ್ಜಿಯ ಕೆಮ್ಮು. ಮೊದಲ ರಾತ್ರಿ ಏನೂ ಆಗಲಿಲ್ಲ. ಎರಡನೆಯ ರಾತ್ರಿ, ನಿನ್ನೆ ಆಗಲಿಲ್ಲವಲ್ಲ ಎಂಬ ಯೋಚನೆಯಲ್ಲೇ ಆಗಲಿಲ್ಲ. ಮೂರನೆಯ ರಾತ್ರಿಯಿಂದ ಕೋಣೆಗೆ ಹೋಗುವುದೆಂದರೆ ಓದದೆ ಪರೀಕ್ಷೆಗೆ ಹೋದ ಹಾಗೆ. ಅಂಗೈ ಬೆವರುವುದು, ಎದೆ ಡವಡವ. ಪಾಠದ ತಯಾರಿ ಅಂತ ಹನ್ನೆರಡು ಗಂಟೆವರೆಗೆ ಜಗಲಿಯಲ್ಲಿ ಕೂತು, ಅವಳಿಗೆ ನಿದ್ದೆ ಬಂತು ಅಂತ ಖಾತ್ರಿಯಾದ ಮೇಲೆ ಒಳಗೆ ಹೋಗುತ್ತಿದ್ದೆ. ಅವಳಿಗೆ ನಿದ್ದೆ ಬಂದಿರುತ್ತಿರಲಿಲ್ಲ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಹೀಗೆ ಹದಿನಾಲ್ಕು ತಿಂಗಳು.

ಅಷ್ಟರಲ್ಲಿ ಮನೆಯಲ್ಲಿ ಮಗುವಿನ ಮಾತು ಶುರುವಾಯಿತು. ನಾಗನಿಗೆ ತಂಬಿಲ ಆಯಿತು, ಅವಳ ಜಾತಕ ತೋರಿಸಿದ್ದಾಯಿತು, ಅವಳಿಗೆ ಕಷಾಯ ಶುರುವಾಯಿತು. ಗಂಡಸಿನ ಹೆದರಿಕೆಗೆ ಹೆಂಗಸಿಗೆ ಕಷಾಯ! ನಾನು ಬಾಯಿ ಬಿಡಲಿಲ್ಲ, ಅವಳು ಕುಡಿದಳು. ಅದು ನಾನು ಮಾಡಿದ ಅನ್ಯಾಯ. ಅದಕ್ಕೆ ಇವತ್ತಿಗೂ ನನ್ನಲ್ಲಿ ಸಮಜಾಯಿಷಿ ಇಲ್ಲ.

ಬಸ್‌ಸ್ಟ್ಯಾಂಡಿನ ಮೂತ್ರಿಯ ಗೋಡೆಯಲ್ಲಿ ಒಂದು ನೋಟೀಸು ಇತ್ತು. ಗುಪ್ತ ಸಮಸ್ಯೆ, ಒಂದೇ ಭೇಟಿ, ಗ್ಯಾರಂಟಿ. ತಿಂಗಳಿಗೊಂದು ದಿನ ಪೇಟೆಯ ಲಾಡ್ಜಿನಲ್ಲಿ. ಹೋದೆ. ಆ ಮನುಷ್ಯ ನಾಡಿ ಹಿಡಿದು ಎರಡು ನಿಮಿಷ ಕಣ್ಣು ಮುಚ್ಚಿ, "ಹರೆಯದಲ್ಲಿ ಕೈಯಾರೆ ತಪ್ಪು ಮಾಡಿದ್ದೀರಿ, ಧಾತು ನಷ್ಟ ಆಗಿದೆ" ಎಂದ. ಮಾಡದ ಹುಡುಗ ಯಾವ ಊರಲ್ಲಿದ್ದಾನೆ? ಆ ಮಾತು ಯಾರಿಗೆ ಹೇಳಿದರೂ ತಾಗುತ್ತದೆ, ಅದೇ ಅದರ ಉಪಾಯ. ನನಗೂ ತಾಗಿತು. ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಕೊಟ್ಟು ಎರಡು ಡಬ್ಬಿ ಲೇಹ್ಯ ತಂದೆ. ಒಂದು ಡಬ್ಬಿ ಮುಗಿಯುವಾಗ ನನ್ನ ಹೆದರಿಕೆ ಇಮ್ಮಡಿ ಆಗಿತ್ತು. ಮೊದಲು ಬರೀ ಆಗುವುದಿಲ್ಲ ಎಂಬ ಹೆದರಿಕೆ, ಈಗ ನಾನೇ ಹಾಳುಮಾಡಿಕೊಂಡೆ ಎಂಬ ಅಪರಾಧ ಅದರ ಮೇಲೆ. ಎರಡನೆಯ ಡಬ್ಬಿಯನ್ನು ಕಂಗಿನ ಬುಡಕ್ಕೆ ಹಾಕಿದೆ. ಕಂಗಿಗೂ ಏನೂ ಆಗಲಿಲ್ಲ.

ಈ ಧಾತುವಿನ ಹೆದರಿಕೆ ನಮ್ಮ ಉಪಖಂಡದಲ್ಲಿ ಎಷ್ಟು ಸಾಮಾನ್ಯ ಅಂದರೆ, ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲೇ ಅದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ರೋಗ ಇರುವುದು ವೀರ್ಯದಲ್ಲಿ ಅಲ್ಲ, ವೀರ್ಯದ ಬಗ್ಗೆ ಹಬ್ಬಿದ ಹೆದರಿಕೆಯಲ್ಲಿ. ಕಾಮಶಕ್ತಿ ಹೆಚ್ಚಿಸುತ್ತೇವೆ ಎಂದು ಮದ್ದಿನ ಜಾಹೀರಾತು ಹಾಕುವುದನ್ನು 1954ರ ಡ್ರಗ್ಸ್ ಮತ್ತು ಮ್ಯಾಜಿಕ್ ರೆಮಿಡೀಸ್ ಕಾನೂನು ನಿಷೇಧಿಸಿದೆ. ಕಾನೂನಿಗೆ ನನ್ನ ಮದುವೆಗಿಂತಲೂ ಹೆಚ್ಚು ವಯಸ್ಸಾಗಿದೆ. ಆದರೂ ಅಂಥ ನೋಟೀಸು ಇವತ್ತು ಎಲ್ಲಿ ಅಂಟಿದೆ ಗೊತ್ತುಂಟಾ? ನಮ್ಮ ವಾಚನಾಲಯದ ಹಿಂದಿನ ಗೋಡೆಯಲ್ಲಿ. ಮನೋವೈದ್ಯರ ಮಾತಿಗೆ ಹೆಣ್ಣುಮಕ್ಕಳ ಅಡ್ಡಿ ಇದ್ದವರಿಗೆ ಆ ಗೋಡೆ ಅಡ್ಡಿ ಆಗಲಿಲ್ಲ.

ಕೊನೆಗೆ ನಾನು ಸರಿಯಾದ ಜಾಗ ಮುಟ್ಟಿದ್ದು ಆಕಸ್ಮಿಕ. ಹೊಟ್ಟೆ ಉರಿ ಅಂತ ಮಂಗಳೂರಿನ ಆಸ್ಪತ್ರೆಗೆ ಹೋದಾಗ ಅಲ್ಲಿಯ ಡಾಕ್ಟ್ರು "ಮನೆಯಲ್ಲಿ ಎಲ್ಲ ಹೇಗುಂಟು?" ಎಂದು ಸುಮ್ಮನೆ ಕೇಳಿದರು. ನನಗೆ ಅಳು ಬಂತು. ಅವರು ಮನೋವೈದ್ಯರಿಗೆ ಚೀಟಿ ಬರೆದರು.

ಮನೋವೈದ್ಯರು ಮೊದಲು ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸಿದರು. ತೆಗೆದುಕೊಳ್ಳುತ್ತಿದ್ದ ಮದ್ದುಗಳನ್ನು ಕೇಳಿದರು. ಇದನ್ನು ಓದುಗರು ಗಮನಿಸಬೇಕು. ಶಿಶ್ನದ ನಿಮಿರುವಿಕೆ ಕಡಿಮೆಯಾಗುವುದು ಕೆಲವೊಮ್ಮೆ ಸಕ್ಕರೆ ಕಾಯಿಲೆಯ, ಹೃದಯದ ಕಾಯಿಲೆಯ ಮೊದಲ ಸೂಚನೆ ಆಗಿರುತ್ತದೆ. ಅದನ್ನು ನೋಡದೆ ನೇರ ಮನಸ್ಸಿನ ಚಿಕಿತ್ಸೆಗೆ ಕೂರಿಸುವವರನ್ನು ನಂಬಬೇಡಿ. ಆಮೇಲೆ ಒಂದು ಪ್ರಶ್ನೆ: "ಬೆಳಿಗ್ಗೆ ಏಳುವಾಗ ಹೇಗಿರುತ್ತದೆ?" ಸರಿ ಇರುತ್ತದೆ ಎಂದೆ. "ಹಾಗಾದ್ರೆ ಪಂಪು ಸರಿ ಉಂಟು ಮಾಷ್ಟ್ರೇ. ಯಾರೋ ಸ್ವಿಚ್ಚು ತೆಗೀತಿದ್ದಾರೆ" ಎಂದು ನಕ್ಕರು. ಹದಿನಾಲ್ಕು ತಿಂಗಳಲ್ಲಿ ಈ ವಿಷಯಕ್ಕೆ ಯಾರಾದರೂ ನಕ್ಕದ್ದು ಅದೇ ಮೊದಲು, ಮತ್ತು ಅದು ನನ್ನನ್ನು ನೋಡಿ ನಕ್ಕ ನಗೆ ಆಗಿರಲಿಲ್ಲ.

ಅವರು ವಿವರಿಸಿದ್ದು ಇಷ್ಟು. ಹಾವು ಕಂಡಾಗ ಶರೀರ ಓಡಲಿಕ್ಕೆ ಸಿದ್ಧವಾಗುತ್ತದೆ. ಅಡ್ರಿನಲಿನ್ ಹರಿಯುತ್ತದೆ, ರಕ್ತ ಕೈಕಾಲಿನ ದೊಡ್ಡ ಸ್ನಾಯುಗಳ ಕಡೆಗೆ ಹೋಗುತ್ತದೆ. ಆ ಹೊತ್ತಿಗೆ ಊಟ ಬೇಡ, ನಿದ್ದೆ ಬೇಡ, ಸಂಗವೂ ಬೇಡ. ಹಾಸಿಗೆಯನ್ನೇ ಹಾವು ಅಂತ ಕಂಡ ಶರೀರಕ್ಕೂ ಅದೇ ಗತಿ. 'ಆಗಬೇಕು, ಆಗಬೇಕು' ಎಂದು ಒತ್ತಾಯ ಮಾಡಿದಷ್ಟೂ ಅದು ದೂರ ಓಡುತ್ತದೆ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾರೆ. ಮನುಷ್ಯ ತನ್ನ ಸಂಗಕ್ಕೆ ತಾನೇ ಪ್ರೇಕ್ಷಕನಾಗಿ ನಿಂತು ಅಂಕ ಹಾಕುತ್ತಾ ಕೂತರೆ ಶರೀರ ಕೈಕೊಡುತ್ತದೆ. ಅವರು ಸೂಚಿಸಿದ ಚಿಕಿತ್ಸೆಯನ್ನೇ ನಮಗೂ ಕೊಟ್ಟರು. ಕೆಲವು ವಾರ ಸಂಭೋಗಕ್ಕೆ ಪೂರ್ತಿ ರಜೆ. ಪಕ್ಕದಲ್ಲಿ ಕೂರುವುದು, ಕೈ ಹಿಡಿಯುವುದು, ಬೆನ್ನು ಸವರುವುದು, ಅಷ್ಟೇ. ಇದು ಗೆಲ್ಲಬೇಕಾದ ಪರೀಕ್ಷೆ ಅಲ್ಲ ಎಂದಾದ ಮೇಲೆ ನಾನು ಮೊದಲ ಬಾರಿಗೆ ಹತ್ತು ಗಂಟೆಗೆ ಕೋಣೆಗೆ ಹೋದೆ.

ಅದರ ಜೊತೆಗೇ ಐದು ಸಲ ಸಂಮೋಹನ ಮಾಡಿದರು. ವೇದಿಕೆಯಲ್ಲಿ ಕಂಡದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗಡಿಯಾರ ತೂಗಲಿಲ್ಲ, ಕೂಗಲಿಲ್ಲ. ಗೋಡೆಯ ಒಂದು ಚುಕ್ಕೆ ನೋಡಲು ಹೇಳಿದರು, ಉಸಿರು ನಿಧಾನ ಮಾಡಿಸಿದರು, ಕಣ್ಣು ತಾನಾಗಿ ಮುಚ್ಚಿತು. ನಿದ್ದೆ ಬರಲಿಲ್ಲ. ಹೊರಗೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಬೇಕಾದರೆ ಎದ್ದು ಹೋಗಬಹುದಿತ್ತು, ಎದ್ದು ಹೋಗಬೇಕು ಅನ್ನಿಸಲಿಲ್ಲ, ಅಷ್ಟೇ. "ನಿಮಗೆ ತಂಪು ಅನ್ನಿಸುವ ಜಾಗ ಯಾವುದು?" ಎಂದು ಮೊದಲೇ ಕೇಳಿಕೊಂಡಿದ್ದರು. ತೋಟದ ಕೆಳಗಿನ ತೋಡು ಎಂದಿದ್ದೆ. ಕಲ್ಲಿನ ಮೆಟ್ಟಿಲು ಒಂದೊಂದೇ ಇಳಿದು ತೋಡಿಗೆ ಕಾಲು ಇಳಿಬಿಡಲು ಹೇಳಿದರು. ಆ ತಂಪಿನಲ್ಲಿ ಇರುವಾಗಲೇ ಕೋಣೆಯ ಬಾಗಿಲು, ಹಾಸಿಗೆ, ಹೆಂಡತಿಯ ಬಳೆಯ ಸದ್ದು, ಒಂದೊಂದನ್ನಾಗಿ ಕಲ್ಪಿಸಿಕೊಳ್ಳಲು ಹೇಳಿದರು. ಎದೆ ಬಡಿದುಕೊಂಡರೆ ಮತ್ತೆ ತೋಡಿಗೆ. ಐದನೆಯ ಸಲಕ್ಕೆ ನಾನೇ ಮನೆಯಲ್ಲಿ ಮಾಡಿಕೊಳ್ಳಲು ಕಲಿತಿದ್ದೆ. ಹೆಂಡತಿಯನ್ನೂ ಕರೆಸಿ ಎಲ್ಲ ವಿವರಿಸಿದರು. ಅವಳು ಆ ದಿನವೇ ಕೇಳಿದ್ದು, "ಮತ್ತೆ ನಾನು ಕಷಾಯ ಕುಡಿದದ್ದು ಎಂತಕ್ಕೆ?" ಅವಳ ಸಿಟ್ಟು ಇದು. ಬರೆದಿದ್ದೇನೆ.

ಮೂರು ತಿಂಗಳಲ್ಲಿ ನಾವು ಗಂಡ ಹೆಂಡತಿ ಆದೆವು. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವ ಅಗತ್ಯ ಇಲ್ಲ.

ಈಗ ಜಗಳಕ್ಕೆ ಬರುತ್ತೇನೆ. ನನ್ನ ಜಗಳ ನಾಲ್ಕು ಜನರ ಹತ್ತಿರ.

ಮೊದಲನೆಯದು, ಸಂಮೋಹನವನ್ನೇ ಹೊಸ ಲೇಹ್ಯ ಮಾಡಿ ಮಾರುವವರ ಹತ್ತಿರ. ಒಂದೇ ಸಿಟ್ಟಿಂಗ್, ನೂರಕ್ಕೆ ನೂರು ಗುಣ, ಹಿಂದಿನ ಜನ್ಮಕ್ಕೆ ಕರೆದುಕೊಂಡು ಹೋಗಿ ಶಾಪ ಬಿಡಿಸುತ್ತೇವೆ! ಸಂಮೋಹನದಲ್ಲಿ 'ನೆನಪಾಗುವ' ಸಂಗತಿ ನಡೆದದ್ದೇ ಆಗಬೇಕೆಂದಿಲ್ಲ. ಇಲ್ಲದ ನೆನಪನ್ನು ನೆಟ್ಟುಬಿಡಲೂ ಆಗುತ್ತದೆ. ಎಲ್ಲರೂ ಅದಕ್ಕೆ ಒಂದೇ ಹದದಲ್ಲಿ ಒಗ್ಗುವುದೂ ಇಲ್ಲ. ಈ ಹೆದರಿಕೆಗೆ ಸಂಮೋಹನ ಎಷ್ಟು ಉಪಯೋಗ ಎಂಬ ಬಗ್ಗೆ ಆದ ಅಧ್ಯಯನಗಳು ಕಡಿಮೆ, ಸಣ್ಣವು. ನೋವಿನ ವಿಷಯದಲ್ಲಿ ಇರುವಷ್ಟು ಗಟ್ಟಿ ಆಧಾರ ಇಲ್ಲಿಲ್ಲ. ನನಗೆ ಗುಣವಾದದ್ದು ಪರೀಕ್ಷೆ, ವಿವರಣೆ, ರಜೆ, ಹೆಂಡತಿಯ ಜೊತೆಗಿನ ಮಾತು, ಸಂಮೋಹನ ಇಷ್ಟೂ ಸೇರಿ. ಅದನ್ನೊಂದನ್ನೇ ಕಿತ್ತು ಮಾರುವವನು ಲಾಡ್ಜಿನವನ ತಮ್ಮ. ಮನೋವೈದ್ಯರೋ, ರಿಹ್ಯಾಬಿಲಿಟೇಶನ್ ಕೌನ್ಸಿಲಿನಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟರೋ ಅಂತ ಕೇಳಿ, ಆಮೇಲೆ ಕಣ್ಣು ಮುಚ್ಚಿ.

ಎರಡನೆಯದು, ನನ್ನ ವಿಚಾರವಾದಿ ಗೆಳೆಯರ ಹತ್ತಿರ. "ಅದೆಲ್ಲ ಮೋಡಿ ಮಾರಾಯ್ರೇ" ಅನ್ನುತ್ತಾರೆ ಇವರು. 1784ರಲ್ಲಿ ಪ್ಯಾರಿಸಿನಲ್ಲಿ ಮೆಸ್ಮರನ ಚಿಕಿತ್ಸೆಯನ್ನು ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಇದ್ದ ಸಮಿತಿ ಪರೀಕ್ಷಿಸಿತು. ಅವನು ಹೇಳುವ ಕಾಂತಶಕ್ತಿ ಇಲ್ಲ, ಪರಿಣಾಮ ಆಗುವುದು ಕಲ್ಪನೆಯಿಂದ ಎಂದು ತೀರ್ಪು ಕೊಟ್ಟಿತು. ಸರಿ. ಆದರೆ ಕಲ್ಪನೆಯಿಂದ ಶರೀರ ಬದಲಾಗುತ್ತದೆ ಎಂಬುದೇ ದೊಡ್ಡ ಸಂಗತಿ ಅಲ್ವಾ? ಕಲ್ಪನೆಯಿಂದ ಬಂದ ಹೆದರಿಕೆಗೆ ಕಲ್ಪನೆಯೇ ಮದ್ದಾದರೆ ತಪ್ಪೇನು? ಬ್ರಿಟಿಷ್ ಮೆಡಿಕಲ್ ಅಸೋಸಿಯೇಶನ್ ನೇಮಿಸಿದ ಉಪಸಮಿತಿ 1955ರಲ್ಲೇ ಇದನ್ನು ಚಿಕಿತ್ಸೆಯ ಒಂದು ಕ್ರಮವೆಂದು ಒಪ್ಪಿದೆ. ಅದೂ ಬೇಡ, ನಿಮ್ಮದೇ ಗುರುಗಳನ್ನು ನೋಡಿ. ತಿರುವಲ್ಲದಲ್ಲಿ ಹುಟ್ಟಿದ ಅಬ್ರಹಾಂ ಕೊವೂರ್ ದೆವ್ವ, ಮಂತ್ರವಾದ, ಪವಾಡಗಳನ್ನು ಜೀವಮಾನವಿಡೀ ಬಯಲು ಮಾಡಿದವರು. ಅವರೇ ಹೆದರಿದವರಿಗೆ ಸಂಮೋಹನ ಮಾಡುತ್ತಿದ್ದರು. ಅವರ ಪ್ರಕರಣವೊಂದನ್ನು ಆಧರಿಸಿ 1972ರಲ್ಲಿ 'ಪುನರ್ಜನ್ಮಂ' ಎಂಬ ಮಲಯಾಳ ಸಿನಿಮಾ ಬಂತು. ಹೆಂಡತಿಯ ಹತ್ತಿರ ಹೋಗಲಾಗದ ಗಂಡನಾಗಿ ನಟಿಸಿದ್ದು ಪ್ರೇಂ ನಜೀರ್. ಅದರಲ್ಲಿ ಕೊಟ್ಟ ಕಾರಣ, ತಾಯಿಯ ಮೇಲಿನ ಮೋಹ ಇತ್ಯಾದಿ, ಎಲ್ಲರಿಗೂ ಅನ್ವಯಿಸುವಂಥದ್ದಲ್ಲ. ಆದರೆ ಇಂಥ ಸಂಗತಿಯನ್ನು ಕೇರಳ ಅರ್ಧ ಶತಮಾನದ ಹಿಂದೆ ಟಿಕೆಟು ಕೊಟ್ಟು ಥಿಯೇಟರಿನಲ್ಲಿ ನೋಡಿದೆ. ನಮ್ಮ ವಾಚನಾಲಯದಲ್ಲಿ ಇವತ್ತು ಒಂದು ಗಂಟೆ ಮಾತಾಡಬಾರದು!

ಮೂರನೆಯ ಜಗಳ ಕೆಲವು ಗಂಡಂದಿರ ಹತ್ತಿರ. ನನ್ನ ಸೂಚನೆಯ ಸುದ್ದಿ ಹೇಗೋ ಹೊರಗೆ ಹೋಗಿತ್ತು. ಗಲ್ಫಿನಿಂದ 45 ದಿನದ ರಜೆಗೆ ಬಂದು, ಆ ರಜೆಯಲ್ಲೇ ಹುಡುಗಿ ನೋಡಿ, ಮದುವೆಯೂ ಆದ ಒಬ್ಬ ಯುವಕ ಸಂಜೆ ನನ್ನ ಹತ್ತಿರ ಬಂದ. ಉಳಿದದ್ದು ಹನ್ನೊಂದು ದಿನ. "ಮಾಷ್ಟ್ರೇ, ಅವಳು ಹತ್ತಿರ ಬರ್ಲಿಕ್ಕೆ ಬಿಡುದಿಲ್ಲ. ಹಿಪ್ನಾಟೈಸ್ ಮಾಡಿಸಿ ಒಪ್ಪಿಸ್ಲಿಕ್ಕೆ ಆಗ್ತದಾ?" ಅವನ ಮೇಲೆ ಸಿಟ್ಟಿಗಿಂತ ಮರುಕವೇ ಹೆಚ್ಚು ಬಂತು. ವಿಮಾನದ ಟಿಕೆಟು ಹಿಡಿದುಕೊಂಡು ಸಂಸಾರ ಶುರುಮಾಡುವವರು ನಮ್ಮಲ್ಲಿ ಎಷ್ಟು ಜನ! ಆದರೆ ಉತ್ತರ ಒಂದೇ, ಇಲ್ಲ. ವಶೀಕರಣ ಬೇರೆ, ಸಂಮೋಹನ ಬೇರೆ. ಒಬ್ಬರ ಮನಸ್ಸನ್ನು ಇನ್ನೊಬ್ಬರ ಅನುಕೂಲಕ್ಕೆ ಬಗ್ಗಿಸುವುದು ಚಿಕಿತ್ಸೆ ಅಲ್ಲ, ಅಪರಾಧ.

ಹೆಂಗಸಿಗೆ ಮನಸ್ಸಿದ್ದೂ ಶರೀರ ಹೆದರುವುದುಂಟು. ಯೋನಿಯ ಸುತ್ತಲಿನ ಸ್ನಾಯು ಅವಳ ಹಿಡಿತ ಮೀರಿ ಬಿಗಿದುಕೊಳ್ಳುತ್ತದೆ, ವಿಪರೀತ ನೋವಾಗುತ್ತದೆ. ವೈದ್ಯರು ವಜೈನಿಸ್ಮಸ್ ಎನ್ನುತ್ತಾರೆ. ಅದು ಹಟ ಅಲ್ಲ, ಸೊಕ್ಕು ಅಲ್ಲ, ಮೈಮೇಲೆ ಬಂದದ್ದೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ಶರೀರದ ತಿಳಿವಳಿಕೆ, ಸ್ನಾಯು ಸಡಿಲಿಸುವ ಅಭ್ಯಾಸ, ಹಂತ ಹಂತವಾಗಿ ಒಗ್ಗಿಸಿಕೊಳ್ಳುವುದು, ಬೇಕಾದರೆ ಜೊತೆಗೆ ಸಂಮೋಹನ. ಎಲ್ಲವೂ ಅವಳ ಇಚ್ಛೆಯಿಂದ, ಅವಳ ವೇಗದಲ್ಲಿ. ಹನ್ನೊಂದು ದಿನದ ವೇಗದಲ್ಲಿ ಅಲ್ಲ. ಅವಳಿಗೆ ಮನಸ್ಸೇ ಇಲ್ಲ ಅಂತಾದರೆ ಅದು ರೋಗವೇ ಅಲ್ಲ. ಅದು ಅವಳ ಉತ್ತರ. ಯಾಕೆ ಎಂದು ಅವಳನ್ನೇ ಕೇಳು ಮಾರಾಯ, ಡಾಕ್ಟ್ರನ್ನು ಅಲ್ಲ ಎಂದೆ. ಅವನು ತಲೆ ಕೆಳಗೆ ಹಾಕಿ ಹೋದ. ನಮ್ಮ ಕಟ್ಟೆಯ ಮೇಲೆ ಇಂಥ ಪ್ರಶ್ನೆಗೆ ಬೇರೆಯವರು ಎಂಥ ಉತ್ತರ ಕೊಡುತ್ತಾರೆ ಎಂಬುದು ನಿಮಗೂ ಗೊತ್ತುಂಟು.

ನಾಲ್ಕನೆಯ ಜಗಳ ನಮ್ಮ ಹತ್ತಿರವೇ, ಕಾಸರಗೋಡಿನ ಕನ್ನಡಿಗರ ಹತ್ತಿರ. ಸಂಮೋಹನದ ಸಾಧನ ಏನು? ಬರೀ ಮಾತು. ಮದ್ದಿಗೆ ಭಾಷೆ ಬೇಡ, ಇದಕ್ಕೆ ಬೇಕು. ನನಗೆ ಮಲಯಾಳ ಬರುತ್ತದೆ, ರೇಷನ್ ಅಂಗಡಿಗೆ, ಪಂಚಾಯತಿಗೆ ಸಾಕಾಗುವಷ್ಟು. ಆದರೆ ಕಣ್ಣು ಮುಚ್ಚಿ ತೋಡಿಗೆ ಇಳಿಯಲಿಕ್ಕೆ ಆ ಮಲಯಾಳ ಸಾಲದು. ಹೆದರಿಕೆ ಯಾವ ಭಾಷೆಯಲ್ಲಿ ಒಳಗೆ ಹೋಯಿತೋ ಅದೇ ಭಾಷೆಯಲ್ಲಿ ಹೊರಗೆ ಬರಬೇಕು. 1956ರಿಂದ ನಾವು ಬೋರ್ಡಿನಲ್ಲಿ ಕನ್ನಡ ಬೇಕು, ಅರ್ಜಿಯಲ್ಲಿ ಕನ್ನಡ ಬೇಕು, ಶಾಲೆಗೆ ಕನ್ನಡ ಬಲ್ಲ ಮಾಷ್ಟ್ರು ಬೇಕು ಅಂತ ಕೇಳುತ್ತಾ ಬಂದಿದ್ದೇವೆ. ನಾನೂ ಆ ಮೆರವಣಿಗೆಗಳಲ್ಲಿ ನಡೆದವನೇ. ಆಸ್ಪತ್ರೆಯ ಮನೋವೈದ್ಯರ ಕೋಣೆಯಲ್ಲಿ ಕನ್ನಡವೋ ತುಳುವೋ ಬಲ್ಲ ಒಬ್ಬರು ಬೇಕು ಅಂತ ಒಂದೇ ಒಂದು ಮನವಿ ಕೊಟ್ಟಿದ್ದೇವಾ? ಮಂಗಳೂರು ಹತ್ತಿರ ಉಂಟಲ್ಲ ಅನ್ನಬಹುದು. 2020ರಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆ ಹತ್ತಿರ ಎಷ್ಟು ದೂರ ಎಂದು ನಮಗೆಲ್ಲ ಗೊತ್ತಾಗಿದೆ.

ಹೆಣ್ಣುಮಕ್ಕಳು ಬರುವ ಜಾಗ ಎಂದ ಹಿರಿಯರಿಗೆ ಒಂದು ಮಾತು. ಹೌದು ಅಣ್ಣ, ಹೆಣ್ಣುಮಕ್ಕಳು ಬರುವ ಜಾಗ, ಅದಕ್ಕೇ ಹೇಳಿದ್ದು. ನಾವು ಗಂಡಸರು ಬಾಯಿ ಮುಚ್ಚಿ ಕೂತಾಗ ಕಷಾಯ ಕುಡಿಯುವವರು ಅವರೇ. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ' ನಮ್ಮ ವಾಚನಾಲಯದಲ್ಲಿ ಉಂಟು. ಬೀಗ ಹಾಕಿದ ಕಪಾಟಿನಲ್ಲಿ, ಕೇಳಿದರೆ ಮಾತ್ರ. ಕೇಳುವ ಧೈರ್ಯ ಇದ್ದವರಿಗೆ ಆ ಪುಸ್ತಕದ ಅಗತ್ಯ ಕಡಿಮೆ. ಇಲ್ಲದವರಿಗೇ ಹೆಚ್ಚು.

ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಆ ಪುಸ್ತಕ ಬೀಗದ ಕಪಾಟಿನಿಂದ ಹೊರಗೆ ಬರಲಿ. ಹಿಂದಿನ ಗೋಡೆಯ ನೋಟೀಸು ಹರಿದು, ಅದೇ ಜಾಗದಲ್ಲಿ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಬರೆಯೋಣ. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು, ಮುಖ ತೋರಿಸಬೇಕಾಗಿಲ್ಲ. ಕುಟುಂಬ ಆರೋಗ್ಯ ಕೇಂದ್ರಕ್ಕೆ ಕನ್ನಡ ಬಲ್ಲ ಆಪ್ತಸಲಹೆಗಾರರು ಬೇಕೆಂದು ಮನವಿ ಹೋಗಲಿ, ಮೊದಲ ಸಹಿ ನನ್ನದು. ಮತ್ತು ಆ ಒಂದು ಗಂಟೆಯ ಮಾತು ನಡೆಯಲಿ. ಎದುರು ಕೂತು ಪ್ರಶ್ನೆ ಕೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಲಿ. ಪೆಟ್ಟಿಗೆ ನಾನು ಮಾಡಿಸಿ ಕೊಡುತ್ತೇನೆ.

ಮುಂದಿನ ಸಭೆಯಲ್ಲಿ ಇದೇ ಸೂಚನೆಯನ್ನು ಮತ್ತೆ ಕೊಡುತ್ತೇನೆ. ಬೇಡ ಎಂದಾದರೆ ಬೇಡ ಎನ್ನಿ. ಆದರೆ ಈ ಸಲ ದಾಖಲೆ ಪುಸ್ತಕದಲ್ಲಿ ಬರೆಯಿರಿ, ಯಾಕೆ ಬೇಡ ಎಂಬುದನ್ನೂ ಬರೆದು, ಕೆಳಗೆ ಸಹಿ ಹಾಕಿ.